ಕೊಡಗಿನ 5,54,519: ದೊಡ್ಡ ಸಂಖ್ಯೆಯ ಅಪವರ್ತನ ಹುಡುಕುವ ಬಗೆ

2011ರ ಜನಗಣತಿಯಲ್ಲಿ ಕೊಡಗು ಜಿಲ್ಲೆಯ ಜನಸಂಖ್ಯೆ 5,54,519. ಇದನ್ನು ಅವಿಭಾಜ್ಯ ಸಂಖ್ಯೆಗಳಾಗಿ ಒಡೆಯಲು ಕಾಗದ, ಪೆನ್ಸಿಲ್ ಸಾಕು.

ಕೊನೆಯ ಅಂಕಿ 9, ಹಾಗಾಗಿ 2 ಮತ್ತು 5ರಿಂದ ಭಾಗವಾಗದು. ಅಂಕಿಗಳ ಮೊತ್ತ 29, 3ರಿಂದಲೂ ಆಗದು.

ಈಗ ಬಲದಿಂದ ಮೂರು ಮೂರು ಅಂಕಿಗಳಾಗಿ ಕತ್ತರಿಸಿ: 554, 519. ಲಕ್ಷದ ಅಲ್ಪವಿರಾಮ ನೋಡಿ 5, 54, 519 ಎಂದು ಬಿಡಿಸಿದರೆ ಮುಂದಿನದೆಲ್ಲ ಕೆಡುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. 554 ಮತ್ತು 519ರ ವ್ಯತ್ಯಾಸ 35. 7×11×13 = 1001 ಆಗಿರುವುದರಿಂದ ಈ ಒಂದೇ ಕಳೆಯುವ ಲೆಕ್ಕ ಮೂರನ್ನೂ ಪರೀಕ್ಷಿಸುತ್ತದೆ: 35ನ್ನು 7 ಭಾಗಿಸುತ್ತದೆ, 11 ಮತ್ತು 13 ಭಾಗಿಸುವುದಿಲ್ಲ. ಇನ್ನು 554 ಮತ್ತು 519ನ್ನು ಕೂಡಿಸಿ: 1073. ಮತ್ತೆ ಕತ್ತರಿಸಿ ಕೂಡಿಸಿದರೆ 1+73 = 74, ಅಂದರೆ 37ರ ಎರಡರಷ್ಟು. 27×37 = 999 ಆದ್ದರಿಂದ ಮೂಲ ಸಂಖ್ಯೆಯೂ 37ರಿಂದ ಭಾಗವಾಗುತ್ತದೆ. ಎಷ್ಟು ಸೊಗಸಾದ ಉಪಾಯ!

7ರಿಂದ ಭಾಗಿಸಿದರೆ 79,217. ಅದನ್ನು 37ರಿಂದ ಭಾಗಿಸಿದರೆ 2,141. ಇದರ ವರ್ಗಮೂಲ ಸುಮಾರು 46.3, ಆದ್ದರಿಂದ 43ರವರೆಗೆ ನೋಡಿದರೆ ಸಾಕು. 7 ಮತ್ತು 37ನ್ನು ಬಿಡಬೇಡಿ, ಒಂದೇ ಅಪವರ್ತನ ಎರಡು ಸಲ ಬರಬಹುದು. ಇಲ್ಲಿ ಶೇಷ 6 ಮತ್ತು 32. ಉಳಿದವೂ ಭಾಗಿಸುವುದಿಲ್ಲ, 2,141 ಅವಿಭಾಜ್ಯ.

5,54,519 = 7 × 37 × 2,141. ಒಟ್ಟು ಭಾಜಕಗಳು 2×2×2 = 8; ಪ್ರತಿ ಅವಿಭಾಜ್ಯಕ್ಕೂ 1 ಕೂಡಿಸಿ ಗುಣಿಸಿದರೆ ಅವುಗಳ ಮೊತ್ತ: 8 × 38 × 2,142 = 6,51,168.