ಮಾಡ್ಯೂಲ್ ಒಂದನ್ನೇ ಕಂಪೈಲ್ ಮಾಡಿ, ಉಳಿದದ್ದು ಆಪ್ಟ್‌ಗೆ ಬಿಡಿ

ಶಿರಸಿಯಲ್ಲಿ ನಾನು ನೋಡಿಕೊಳ್ಳುವ ಸರ್ವರ್‌ಗಳಲ್ಲಿ ಇರುವುದು ಲಿನಕ್ಸ್‌ನ ಡೆಬಿಯನ್ 12, ಅದರೊಂದಿಗೆ ಬರುವ ವೆಬ್ ಸರ್ವರ್ ಎಂಜಿನ್‌ಎಕ್ಸ್ 1.22.1. ಅದರಲ್ಲಿಲ್ಲದ ಮಾಡ್ಯೂಲ್ (ಹೆಚ್ಚಿನ ಸೌಲಭ್ಯ ಕೊಡುವ ತುಂಡು) ಒಂದು ಬೇಕೆಂದ ಕೂಡಲೇ ಇಡೀ ಎಂಜಿನ್‌ಎಕ್ಸನ್ನೇ ಸೋರ್ಸ್‌ನಿಂದ, ಅಂದರೆ ಮೂಲ ಕೋಡ್‌ನಿಂದ, ಕಟ್ಟಲು ಹೊರಡುವವರಿದ್ದಾರೆ. ಅಷ್ಟು ಬೇಕಿಲ್ಲ. 1.9.11ನೇ ಆವೃತ್ತಿಯಿಂದಲೇ ಮಾಡ್ಯೂಲನ್ನು ಬೇರೆಯಾಗಿ ಕಟ್ಟಿ ಸೇರಿಸಿಕೊಳ್ಳಬಹುದು.

ನಾನು ಮಾಡುವ ಕ್ರಮ ಇದು. ಡೆಬಿಯನ್ನಿನಲ್ಲಿ ಪ್ಯಾಕೇಜ್ ಹಾಕುವ ಆಪ್ಟ್‌ನ ಪಟ್ಟಿಯಲ್ಲಿ, ಸೋರ್ಸ್ ತರಿಸಲು ಬೇಕಾದ ಡೆಬ್-ಎಸ್‌ಆರ್‌ಸಿ ಸಾಲು ಸೇರಿಸಿ, ಅಪ್‌ಡೇಟ್ ಮಾಡಿ, 'ಆಪ್ಟ್ ಬಿಲ್ಡ್-ಡೆಪ್ ಎಂಜಿನ್‌ಎಕ್ಸ್' ಕೊಡುತ್ತೇನೆ. ಕಂಪೈಲರ್, ಪಿಸಿಆರ್‌ಇ, ಜೆಡ್‌ಲಿಬ್, ಓಪನ್‌ಎಸ್‌ಎಸ್‌ಎಲ್ (ಗೂಢಲಿಪಿಯದು) ಲೈಬ್ರರಿಗಳ ಹೆಡರ್‌ಗಳೆಲ್ಲ ಅದೊಂದರಲ್ಲೇ ಬಂದುಬಿಡುತ್ತವೆ. 'ಆಪ್ಟ್ ಸೋರ್ಸ್ ಎಂಜಿನ್‌ಎಕ್ಸ್' ಕೊಟ್ಟರೆ ಯಂತ್ರದಲ್ಲಿರುವ ಆವೃತ್ತಿಯದೇ ಸೋರ್ಸ್ ಇಳಿಯುತ್ತದೆ. ಎಂಜಿನ್‌ಎಕ್ಸ್‌ನವರ ತಾಣದಿಂದ ಹೊಸದನ್ನು ತಂದರೆ ಮುಂದೆ ಜೋಡಣೆಯಾಗುವುದಿಲ್ಲ. ಇಳಿದ ಸೋರ್ಸಿನ ಫೋಲ್ಡರಿನೊಳಗೆ ಹೋಗಿ ಕಾನ್ಫಿಗರ್‌ಗೆ 'ವಿತ್-ಕಂಪ್ಯಾಟ್' ಮತ್ತು 'ಆ್ಯಡ್-ಡೈನಾಮಿಕ್-ಮಾಡ್ಯೂಲ್' ಎರಡು ಆಯ್ಕೆ ಕೊಟ್ಟು 'ಮೇಕ್ ಮಾಡ್ಯೂಲ್ಸ್' ಓಡಿಸಬೇಕು. ಬರೀ ಮೇಕ್ ಅಲ್ಲ, ಮೇಕ್ ಇನ್‌ಸ್ಟಾಲ್ ಅಂತೂ ಅಲ್ಲವೇ ಅಲ್ಲ.

ಆಬ್ಜ್ಸ್ ಫೋಲ್ಡರಿನಲ್ಲಿ ಸಿಗುವ ಎಸ್‌ಒ ಫೈಲನ್ನು (ಕಟ್ಟಿ ಮುಗಿದ ಮಾಡ್ಯೂಲ್ ಇದೇ) /ಯುಎಸ್‌ಆರ್/ಲಿಬ್/ಎಂಜಿನ್‌ಎಕ್ಸ್/ಮಾಡ್ಯೂಲ್ಸ್ ಒಳಗೆ ಹಾಕಿ, ಲೋಡ್-ಮಾಡ್ಯೂಲ್ ಸಾಲನ್ನು ಮಾಡ್ಯೂಲ್ಸ್-ಎನೇಬಲ್ಡ್ ಫೋಲ್ಡರಿನ ಒಂದು ಕಾನ್ಫ್ ಫೈಲಿನಲ್ಲಿ ಬರೆಯುತ್ತೇನೆ. ಅದನ್ನೇ ಮುಖ್ಯ ಫೈಲಿನಲ್ಲಿ ಈವೆಂಟ್ಸ್ ಭಾಗದ ಕೆಳಗೆ ಬರೆದರೆ 'ತಡವಾಯಿತು' ಎಂಬ ದೋಷ ಬರುತ್ತದೆ. ರೀಲೋಡ್‌ಗೆ ಮುಂಚೆ 'ಎಂಜಿನ್‌ಎಕ್ಸ್ -ಟಿ' ತಪ್ಪದೆ ನೋಡಿ. ಬೈನರಿ ಹೊಂದುತ್ತಿಲ್ಲ ಎಂದರೆ ಎಂಜಿನ್‌ಎಕ್ಸ್‌ಗೆ ದೊಡ್ಡಕ್ಷರದ '-ವಿ' ಕೊಟ್ಟಾಗ ಕಾಣುವ ಎಲ್ಲ ಆಯ್ಕೆಗಳನ್ನೂ ಕಾನ್ಫಿಗರ್‌ಗೆ ಹಾಗೆಯೇ ಕೊಟ್ಟು ಮತ್ತೊಮ್ಮೆ ಕಟ್ಟಬೇಕು.

ಅಪ್‌ಡೇಟ್ ಬಂದರೆ ಮಾಡ್ಯೂಲ್ ಕೆಟ್ಟೀತೆಂದು ಪ್ಯಾಕೇಜನ್ನು ಹೋಲ್ಡ್ ಮಾಡಿ, ಅಂದರೆ ಅಪ್‌ಡೇಟ್ ಆಗದಂತೆ ತಡೆದು, ಇಡಬೇಡಿ. ಡೆಬಿಯನ್ ಸ್ಟೇಬಲ್‌ನಲ್ಲಿ ಭದ್ರತಾ ತಿದ್ದುಪಡಿಗಳನ್ನು ಹಳೆಯ ಆವೃತ್ತಿಗೇ ತಂದು ಹೊಲಿಯುತ್ತಾರೆ. ಬದಲಾಗುವುದು ಪ್ಯಾಕೇಜಿನ ಬಾಲದ ಸಂಖ್ಯೆ ಮಾತ್ರ, 1.22.1 ಹಾಗೇ ಉಳಿಯುತ್ತದೆ. ಎಂಜಿನ್‌ಎಕ್ಸ್‌ನವರ ಸ್ವಂತ ರೆಪಾಸಿಟರಿ ಬಳಸುವವರು ಮಾತ್ರ ಪ್ರತಿ ಹೊಸ ಆವೃತ್ತಿಗೂ ಮಾಡ್ಯೂಲನ್ನು ಮತ್ತೆ ಕಟ್ಟಬೇಕು.

ಇಡೀ ಸರ್ವರನ್ನು ಸೋರ್ಸ್‌ನಿಂದ ಕಟ್ಟಿದರೆ ಅದು /ಯುಎಸ್‌ಆರ್/ಲೋಕಲ್/ಎಂಜಿನ್‌ಎಕ್ಸ್‌ನಲ್ಲಿ ಕೂರುತ್ತದೆ. ಅದನ್ನು ತಾನಾಗಿ ಶುರು ಮಾಡುವ ಸಿಸ್ಟಮ್‌ಡಿ ಯುನಿಟ್ ಇಲ್ಲ, ಹಳೆಯ ಲಾಗ್ ತೆಗೆಯುವ ಲಾಗ್‌ರೊಟೇಟ್ ಇಲ್ಲ. ಲಾಗ್ ಬೆಳೆದು ಡಿಸ್ಕ್ ತುಂಬಿದ ಮೇಲೆ ಗೊತ್ತಾಗುತ್ತದೆ. ನನಗೆ ಇದಕ್ಕಿಂತ ಹೆಚ್ಚು ಭಯವಿರುವುದು ಓಪನ್‌ಎಸ್‌ಎಸ್‌ಎಲ್ ಸೋರ್ಸನ್ನೂ ಅದರೊಳಗೇ ಸೇರಿಸಿ ಕಟ್ಟುವ ರೂಢಿಯ ಬಗ್ಗೆ. 2014ರ ಏಪ್ರಿಲ್‌ನಲ್ಲಿ ಓಪನ್‌ಎಸ್‌ಎಸ್‌ಎಲ್‌ನ ಹಾರ್ಟ್‌ಬ್ಲೀಡ್ ಭದ್ರತಾ ದೋಷ ಬಯಲಾದಾಗ ಪ್ಯಾಕೇಜ್ ಬಳಸುವವರಿಗೆ ಲೈಬ್ರರಿ ಅಪ್‌ಗ್ರೇಡ್ ಮಾಡಿ ಸರ್ವೀಸ್ ರೀಸ್ಟಾರ್ಟ್ ಮಾಡಿದರೆ ತೂತು ಮುಚ್ಚುತ್ತಿತ್ತು. ಒಳಗೇ ಸೇರಿಸಿ ಕಟ್ಟಿದವರು ಓಪನ್‌ಎಸ್‌ಎಸ್‌ಎಲ್ 1.0.1ಜಿ ತಂದು ಮೊದಲಿಂದ ಕಂಪೈಲ್ ಮಾಡದೆ ಗತಿಯಿರಲಿಲ್ಲ, ಆಪ್ಟ್ ಮಾತ್ರ 'ಎಲ್ಲ ಹೊಸದಾಗಿದೆ' ಎಂದೇ ಹೇಳುತ್ತಿತ್ತು.

ಪಿಎಚ್‌ಪಿಯಂಥ ದೊಡ್ಡದನ್ನು ಕಟ್ಟಲೇಬೇಕಾದರೆ ಮೆಮೊರಿ ನೋಡಿಕೊಳ್ಳಿ. 1 ಜಿಬಿ ಯಂತ್ರದಲ್ಲಿ ಫೈಲ್‌ಇನ್‌ಫೋ ಭಾಗಕ್ಕೆ ಬಂದಾಗ ಕಂಪೈಲರಿನ ಸಿಸಿ1 'ಕಿಲ್ಡ್' ಎಂದು ನಿಲ್ಲುವುದುಂಟು. ಅದು ಸೋರ್ಸಿನ ತಪ್ಪಲ್ಲ; ಕರ್ನಲ್ ಸಂದೇಶ ತೋರಿಸುವ ಡಿಮೆಸೆಜ್ ನೋಡಿದರೆ ಮೆಮೊರಿ ಸಾಲದೆ ಕರ್ನಲ್ ಕೊಂದದ್ದು ಕಾಣುತ್ತದೆ. 2 ಜಿಬಿ ಸ್ವಾಪ್ (ಮೆಮೊರಿಯಂತೆ ಬಳಸುವ ಡಿಸ್ಕ್ ಜಾಗ) ಹಾಕಿ, ಮೇಕನ್ನು ಒಂದೇ ಜಾಬ್‌ನಲ್ಲಿ ಓಡಿಸಿ.

ಘಟ್ಟದ ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋಗುವುದು ಹೊಸತಲ್ಲ. ಸರ್ವರ್‌ಗಿರುವ ಲೈನ್ ಹೋದರೂ ಕೆಲಸ ನಿಲ್ಲದಿರಲು, ಸಂಪರ್ಕ ಕಡಿದರೂ ಸೆಷನ್ ಉಳಿಸುವ ಟಿಮಕ್ಸ್ ಒಳಗೇ ಕಂಪೈಲ್ ಶುರು ಮಾಡುವುದು ಒಳ್ಳೆಯದು. ಯಂತ್ರವೇ ಆರಿದರೆ ಮೇಕ್ ಬಿಟ್ಟಲ್ಲಿಂದ ಮುಂದುವರಿಯುತ್ತದೆ, ಆದರೆ ಕೊನೆಗೆ ಬರೆಯುತ್ತಿದ್ದ 'ಓ' ಫೈಲ್ ಸೊನ್ನೆ ಬೈಟ್ ಆಗಿ ಉಳಿದಿರಬಹುದು. ಮೇಕ್ ಅದನ್ನು ಮುಗಿದದ್ದೆಂದು ತಿಳಿಯುತ್ತದೆ, ಲಿಂಕ್ ಮಾಡುವಾಗ ದೋಷ ಬರುತ್ತದೆ. ಸೊನ್ನೆ ಗಾತ್ರದ ಫೈಲ್‌ಗಳನ್ನು ಹುಡುಕಿ ಅಳಿಸಿದರೆ ಸಾಕು. ಆಪ್ಟ್ ನಡುವೆ ನಿಂತರೆ 'ಡಿಪಿಕೆಜಿ --ಕಾನ್ಫಿಗರ್ -ಎ' ಕೊಡಿ.

ಮೂರ್ನಾಲ್ಕು ಯಂತ್ರಗಳಿರುವ ಕಚೇರಿಯಲ್ಲಿ ಒಂದರಲ್ಲಿ, ಇಳಿದ ಪ್ಯಾಕೇಜ್‌ಗಳನ್ನು ಕೂಡಿಡುವ ಆಪ್ಟ್-ಕ್ಯಾಷರ್-ಎನ್‌ಜಿ ಇಟ್ಟು, ಉಳಿದವುಗಳ ಆಪ್ಟ್ ಪ್ರಾಕ್ಸಿಯಾಗಿ ಅದರ ವಿಳಾಸ ಮತ್ತು 3142 ಪೋರ್ಟ್ ಕೊಡಿ. ಒಂದು ಪ್ಯಾಕೇಜ್ ಒಮ್ಮೆ ಇಳಿದರೆ ಎಲ್ಲಕ್ಕೂ ಸಿಗುತ್ತದೆ. ಪಟ್ಟಿಯಲ್ಲಿ ಎಚ್‌ಟಿಟಿಪಿಎಸ್ ವಿಳಾಸವಿದ್ದರೆ ಅದು ಕ್ಯಾಷ್ ಆಗುವುದಿಲ್ಲ, ಎಚ್‌ಟಿಟಿಪಿ ಮಾಡಿಕೊಳ್ಳಿ. ರೆಪಾಸಿಟರಿಯ ಸಹಿಯನ್ನು ಆಪ್ಟ್ ಹೇಗೂ ಪರಿಶೀಲಿಸುತ್ತದೆ.