ಅಚ್ಚಿಗೆ ಕೊಡುವಾಗ ಅಕ್ಷರದ ಗುರುತುಗಳನ್ನು ಹೆಸರಿಟ್ಟು ಹೇಳುವ ಬಗೆ

ಚಿಕ್ಕಪೇಟೆಯ ಅಂಗಡಿಯಲ್ಲಿ ಆಮಂತ್ರಣ ಪತ್ರಿಕೆಯನ್ನು ಅಚ್ಚಿಗೆ ಕೊಟ್ಟು ಬಂದವರು ಫೋನಿನಲ್ಲಿ ತಿದ್ದುಪಡಿ ಹೇಳಬೇಕಾದಾಗ, ಪದವನ್ನು ಮತ್ತೆ ಮತ್ತೆ ಉಚ್ಚರಿಸುವುದಕ್ಕಿಂತ ಕಾಗುಣಿತದ ಗುರುತುಗಳ ಹೆಸರು ಹೇಳುವುದು ಲೇಸು. ಆ ಹೆಸರುಗಳಲ್ಲಿ ಹೆಚ್ಚಿನವು ಗುರುತಿನ ಆಕಾರವನ್ನೇ ಕಣ್ಣಿಗೆ ಕಟ್ಟಿಸುತ್ತವೆ.

ಅಕ್ಷರದ ನೆತ್ತಿಯ ಮೇಲೆ ಕಟ್ಟಿದಂತಿರುವುದು ತಲೆಕಟ್ಟು, ‘ಕಿ’ಯ ಮೇಲಿನ ದುಂಡು ಗುಡಿಸು, ಬಲಬದಿಯಲ್ಲಿ ಬಾಗಿ ನಿಲ್ಲುವುದು ಕೊಂಬು, ‘ಕೃ’ವಿನಲ್ಲಿ ಸುತ್ತಿಕೊಳ್ಳುವುದು ವಟ್ರಸುಳಿ. ತೆಲುಗಿನವರೂ ಇವುಗಳಲ್ಲಿ ಮೊದಲ ಮೂರನ್ನು ತಲಕಟ್ಟು, ಗುಡಿ, ಕೊಮ್ಮು ಎಂದೇ ಕರೆಯುತ್ತಾರೆ. ಎತ್ವ, ಐತ್ವ, ಔತ್ವಗಳು ಮಾತ್ರ ಆಕಾರವನ್ನು ಬಿಟ್ಟು, ಸ್ವರಕ್ಕೆ ಸಂಸ್ಕೃತದ ‘ತ್ವ’ ಸೇರಿಸಿ ಮಾಡಿದ ಪಂಡಿತರ ಹೆಸರುಗಳು. ಆದ್ದರಿಂದ ‘ಬೆಂಗಳೂರು’ ಎಂಬುದನ್ನು ಹೀಗೆ ಹೇಳಬೇಕು: ಬಕ್ಕೆ ಎತ್ವ, ಪಕ್ಕದಲ್ಲಿ ಸೊನ್ನೆ, ತಲೆಕಟ್ಟಿನ ಗ, ಳಕ್ಕೆ ಕೊಂಬಿನ ಇಳಿ, ರಕ್ಕೆ ಕೊಂಬು.

ತೊಡಕಾಗುವುದು ಅರ್ಕಾವೊತ್ತಿನಲ್ಲಿ. ‘ಅರ್ಕ’ ಎಂದು ಬರೆದು ನೋಡಿ: ರಕಾರ ಕಿವಿಗೆ ಮೊದಲು ಬೀಳುತ್ತದೆ, ಕಣ್ಣಿಗೆ ಮಾತ್ರ ಕಕಾರದ ಬಲಕ್ಕೆ, ಕನ್ನಡದ ೯ರಂತೆ, ಕಾಣುತ್ತದೆ. ನಮ್ಮ ಗೃಹಪ್ರವೇಶದ ಪತ್ರಿಕೆಗೆ ನಾನು ‘ಆಶೀರ್, ವಾದ’ ಎಂದು ಬಿಡಿಸಿ ಹೇಳಿದ್ದೇ ತಪ್ಪಾಯಿತು. ಅಕ್ಷರ ಜೋಡಿಸುತ್ತಿದ್ದ ಹುಡುಗ ಕೇಳಿದ ಹಾಗೆ ಶೀಕಾರದ ಪಕ್ಕದಲ್ಲಿ ಆ ಗುರುತನ್ನಿಟ್ಟು, ಪತ್ರಿಕೆಯ ತುಂಬ ‘ಆರ್ಶೀವಾದ’ ಮಾಡಿದ. ‘ವಾ ಅಕ್ಷರಕ್ಕೆ ಅರ್ಕಾವೊತ್ತು’ ಎಂದಿದ್ದರೆ ಸಾಕಿತ್ತು. ಕಂಪ್ಯೂಟರಿನಲ್ಲಿ ಬರೆಯುವವರು ಮಾತ್ರ ಉಚ್ಚಾರಣೆಯ ಕ್ರಮದಲ್ಲೇ, ಅಂದರೆ ರ, ವಿರಾಮ (ಅಕ್ಷರದ ಸ್ವರವನ್ನು ತೆಗೆಯುವ ಗುರುತು), ವ ಎಂದು ಒತ್ತಬೇಕು. ಗುರುತನ್ನು ಬಲಕ್ಕೆ ಸರಿಸುವ ಕೆಲಸ ಫಾಂಟಿನದು.

ಇದೇ ಕಾರಣಕ್ಕೆ ‘ರ‍್ಯಾಂಕ್’ ಎಂದು ಬರೆಯಹೊರಟರೆ ‘ರ್ಯಾಂಕ್’ ಎಂದು ಮೂಡಿ ಯಕಾರಕ್ಕೆ ಅರ್ಕಾವೊತ್ತು ಅಂಟಿಕೊಳ್ಳುತ್ತದೆ. ರಕಾರವನ್ನು ಪೂರ್ತಿಯಾಗಿ ಉಳಿಸಿ ಕೆಳಗೆ ಯ ಒತ್ತು ಬರಬೇಕಾದರೆ, ರ ಒತ್ತಿದ ಮೇಲೆ ಝಡ್‌ಡಬ್ಲ್ಯುಜೆ ಎಂಬ ಕಾಣದ ಅಕ್ಷರವನ್ನು ಸೇರಿಸಿ, ಆಮೇಲೆ ವಿರಾಮವನ್ನೂ ಯಕಾರವನ್ನೂ ಒತ್ತಬೇಕು.

ಕರಡು ಪ್ರತಿ ವಾಟ್ಸಾಪಿಗೆ ಬಂದಾಗ ಮೊದಲು ೯ರಂತಿರುವ ಗುರುತುಗಳನ್ನಷ್ಟೇ ಹುಡುಕಿ, ಪ್ರತಿಯೊಂದರ ಎಡಕ್ಕೂ ಯಾವ ಅಕ್ಷರವಿದೆಯೆಂದು ನೋಡಿ, ಅದರ ಹಿಂದೆ ರಕಾರವನ್ನು ಸೇರಿಸಿ ಗಟ್ಟಿಯಾಗಿ ಓದಿ.