ಮಗುವನ್ನು ಊರಿಗೆ ಕರೆದೊಯ್ಯುವ ಮೊದಲು: ಅಮೆರಿಕದಲ್ಲಿರುವ ಹೊಸ ಅಪ್ಪ-ಅಮ್ಮಂದಿರಿಗೆ

ಅಮೆರಿಕದಲ್ಲಿ ಹುಟ್ಟಿದ ಮಗುವನ್ನು ಮೊದಲ ಸಲ ಬೆಂಗಳೂರಿಗೋ ಮಂಗಳೂರಿಗೋ ಕರೆದುಕೊಂಡು ಹೋಗುವ ತಯಾರಿ ಶುರುವಾಗುವುದು ಹೆರಿಗೆ ಆಸ್ಪತ್ರೆಯಲ್ಲೇ. ಮನೆಗೆ ಕಳಿಸುವ ಮೊದಲು ಬರ್ತ್ ಸರ್ಟಿಫಿಕೇಟ್‌ಗಾಗಿ ಒಂದು ಫಾರಂ ತುಂಬಿಸಿಕೊಳ್ಳುತ್ತಾರೆ. ನಿದ್ದೆಗಣ್ಣಿನಲ್ಲಿ ಅದನ್ನು ತುಂಬಬೇಡಿ. ಮುಂದೆ ಮಗುವಿನ ಪಾಸ್‌ಪೋರ್ಟ್, ಓಸಿಐ (ಭಾರತ ಮೂಲದ ವಿದೇಶಿ ಪ್ರಜೆಗಳು ವೀಸಾ ಇಲ್ಲದೆ ಭಾರತಕ್ಕೆ ಹೋಗಿಬರಲು ಕೊಡುವ ಕಾರ್ಡು), ವೀಸಾ ಎಲ್ಲಕ್ಕೂ ಅದೇ ಆಧಾರ.

ನಮ್ಮವರ ಹೆಸರಿನ ತೊಡಕು ನಿಮಗೆ ಗೊತ್ತೇ ಇದೆ. ಒಬ್ಬರಿಗೆ ಬರೀ ಇನಿಷಿಯಲ್, ಒಬ್ಬರಿಗೆ ಅಪ್ಪನ ಹೆಸರು, ಇನ್ನೊಬ್ಬರಿಗೆ ಊರಿನ ಹೆಸರು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇದ್ದವರಿಗೆ ಅಮೆರಿಕದ ವೀಸಾದಲ್ಲಿ ಇದ್ದ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗಕ್ಕೆ ‘ಎಫ್‌ಎನ್‌ಯು’ (ಫಸ್ಟ್ ನೇಮ್ ಅನ್‌ನೋನ್, ಅಂದರೆ ಮೊದಲ ಹೆಸರು ಗೊತ್ತಿಲ್ಲ) ಎಂದು ಬಂದಿರುತ್ತದೆ. ಆ ಮೂರು ಅಕ್ಷರ ಮಗುವಿನ ಸರ್ಟಿಫಿಕೇಟಿಗೆ ಸೇರದಂತೆ ನೋಡಿಕೊಳ್ಳಿ. ಅಪ್ಪ-ಅಮ್ಮ ಇಬ್ಬರ ಹೆಸರೂ ಭಾರತದ ಪಾಸ್‌ಪೋರ್ಟಿನಲ್ಲಿ ಇರುವ ಹಾಗೆಯೇ, ಒಂದು ಅಕ್ಷರವೂ ಆಚೀಚೆ ಆಗದೆ ಇರಲಿ. ತಪ್ಪಾದರೆ ರಾಜ್ಯದ ದಾಖಲೆ ಕಚೇರಿಗೆ ಬರೆದು ತಿದ್ದಿಸಬೇಕು, ಅದಕ್ಕೆ ವಾರಗಟ್ಟಲೆ ಹಿಡಿಯುತ್ತದೆ.

ಮಗುವಿನ ಹೆಸರನ್ನೂ ಮೊದಲೇ ತೀರ್ಮಾನಿಸಿ. ಹನ್ನೊಂದನೇ ದಿನ ನಾಮಕರಣ ಮಾಡುವ ಮನೆಗಳಲ್ಲಿ ಇದು ಕಷ್ಟ, ಗೊತ್ತು. ನಕ್ಷತ್ರದ ಹೆಸರನ್ನು ತೊಟ್ಟಿಲ ಶಾಸ್ತ್ರದಲ್ಲಿ ಇಡಿ, ಕಾಗದದ ಹೆಸರು ಮಾತ್ರ ಬೇರೆಯಾಗಿ ಸಿದ್ಧವಿರಲಿ. ಊರಿನಲ್ಲಿರುವ ಹಿರಿಯರಿಗೆ ಇದನ್ನು ಮುಂಚೆಯೇ ಹೇಳಿಟ್ಟರೆ ಯಾರಿಗೂ ಬೇಸರವಾಗುವುದಿಲ್ಲ.

ಬರ್ತ್ ಸರ್ಟಿಫಿಕೇಟ್ ತರಿಸುವಾಗ ಅಪ್ಪ-ಅಮ್ಮನ ಹೆಸರಿರುವ ಪೂರ್ಣ ರೂಪದ್ದನ್ನೇ ಕೇಳಿ. ಕನಿಷ್ಠ ಎರಡು ಸರ್ಟಿಫೈಡ್ ಕಾಪಿ ಬೇಕು. ಒಂದು ಪಾಸ್‌ಪೋರ್ಟ್ ಅರ್ಜಿಯ ಜೊತೆ ಹೋಗುತ್ತದೆ. ಅದು ಅಂಚೆಯಲ್ಲಿ ವಾಪಸ್ ಬರುವವರೆಗೆ ಇನ್ನೊಂದು ನಿಮ್ಮ ಕೈಯಲ್ಲಿರಬೇಕು, ಅಲ್ವಾ?

ಮಗುವಿನ ಅಮೆರಿಕದ ಪಾಸ್‌ಪೋರ್ಟಿಗೆ ಡಿಎಸ್-11 ಫಾರಂ ತುಂಬಬೇಕು. ಮಗು, ಅಪ್ಪ, ಅಮ್ಮ ಮೂವರೂ ಪೋಸ್ಟ್ ಆಫೀಸಿನಂಥ ಅರ್ಜಿ ಕೇಂದ್ರಕ್ಕೆ ಹೋಗಬೇಕು. ಒಬ್ಬರು ಬರಲಾಗದಿದ್ದರೆ ಅವರು ಡಿಎಸ್-3053 ಫಾರಂಗೆ ನೋಟರಿ ಮುಂದೆ ಸಹಿ ಹಾಕಿ ಕೊಡಬೇಕು. ಅರ್ಜಿ ಶುಲ್ಕ 100 ಡಾಲರ್, ಅದಕ್ಕೆ ಚೆಕ್ ಅಥವಾ ಮನಿ ಆರ್ಡರ್ ಒಯ್ಯಿರಿ. ಕೇಂದ್ರದ ಶುಲ್ಕ 35 ಡಾಲರ್ ಬೇರೆ. ಬೇಗ ಬೇಕೆಂದರೆ ಇನ್ನೂ 60 ಡಾಲರ್. ಫೋಟೋಗೆ ಮಗುವನ್ನು ಬಿಳಿ ಬಟ್ಟೆಯ ಮೇಲೆ ಮಲಗಿಸಿ ಮೇಲಿನಿಂದ ತೆಗೆಯಿರಿ. ಹಿಡಿದವರ ಕೈ ಕಾಣಬಾರದು, ಮುಖದ ಮೇಲೆ ನೆರಳು ಬೀಳಬಾರದು. ಈ ಪಾಸ್‌ಪೋರ್ಟ್ ಐದೇ ವರ್ಷ ನಡೆಯುತ್ತದೆ. ಹದಿನಾರು ತುಂಬುವವರೆಗೆ ಅಂಚೆಯಲ್ಲಿ ನವೀಕರಣ ಇಲ್ಲ, ಪ್ರತಿ ಸಲವೂ ಹೊಸ ಅರ್ಜಿಯೇ.

ಪಾಸ್‌ಪೋರ್ಟ್ ಬಂದ ಮೇಲೆ ಭಾರತಕ್ಕೆ ಹೋಗಲು ಅನುಮತಿ ಪಡೆಯಬೇಕು. ನೀವು ಭಾರತದ ಪ್ರಜೆಗಳಾಗಿದ್ದರೂ ಅಮೆರಿಕದ ಪಾಸ್‌ಪೋರ್ಟ್ ಇರುವ ಮಗು ಅಲ್ಲಿ ವಿದೇಶಿ. ಸಮಯವಿದ್ದರೆ ಓಸಿಐ ಮಾಡಿಸಿ ಎಂಬುದು ನನ್ನ ಸಲಹೆ. ಆಮೇಲೆ ವೀಸಾದ ಚಿಂತೆಯೇ ಇಲ್ಲ. ಅರ್ಜಿಯನ್ನು ಭಾರತ ಸರ್ಕಾರದ ಓಸಿಐ ಜಾಲತಾಣದಲ್ಲಿ ತುಂಬಿ, ಕಾಗದಗಳನ್ನು ವಿಎಫ್‌ಎಸ್ (ಭಾರತ ಸರ್ಕಾರದ ಪರವಾಗಿ ಅರ್ಜಿ ತೆಗೆದುಕೊಳ್ಳುವ ಕಂಪನಿ) ಮೂಲಕ ಕಳಿಸಬೇಕು. ನಿಮ್ಮ ಮದುವೆಯ ಸರ್ಟಿಫಿಕೇಟನ್ನೂ ಸಿದ್ಧವಿಟ್ಟುಕೊಳ್ಳಿ. ಕಲ್ಯಾಣ ಮಂಟಪದಲ್ಲಿ ಮದುವೆಯಾಗಿ ನೋಂದಣಿ ಮಾಡಿಸದೆ ಬಂದವರು ಇಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಮಗುವಿಗೆ ಹೊಸ ಪಾಸ್‌ಪೋರ್ಟ್ ಬಂದಾಗಲೆಲ್ಲ ಅದರ ಪ್ರತಿ ಮತ್ತು ಹೊಸ ಫೋಟೋವನ್ನು ಮೂರು ತಿಂಗಳೊಳಗೆ ಓಸಿಐ ಜಾಲತಾಣಕ್ಕೆ ಹಾಕಬೇಕು, ಅದಕ್ಕೆ ಶುಲ್ಕವಿಲ್ಲ.

ಊರಿನಲ್ಲಿ ಯಾರಿಗೋ ಹುಷಾರಿಲ್ಲ, ತಕ್ಷಣ ಹೊರಡಬೇಕು ಎಂದಾಗ ಮಗುವಿಗೆ ಆನ್‌ಲೈನಿನಲ್ಲಿ ಸಿಗುವ ಭಾರತದ ಇ-ವೀಸಾ ಸಾಕು. ಬೆಂಗಳೂರು, ಮಂಗಳೂರು ಎರಡೂ ಕಡೆ ಇಳಿಯಬಹುದು. ಸರ್ಕಾರದ ಜಾಲತಾಣದಂತೆಯೇ ಕಾಣುವ ನಕಲಿಗಳು ಬಹಳ ಇವೆ. ವಿಳಾಸದ ಕೊನೆಯಲ್ಲಿ ‘ಜಿಒವಿ ಡಾಟ್ ಇನ್’ ಇಲ್ಲದಿದ್ದರೆ ಮಗುವಿನ ವಿವರ ಕೊಡಬೇಡಿ.

ಅಮ್ಮ ಒಬ್ಬಳೇ ಮಗುವನ್ನು ಕರೆದುಕೊಂಡು ಹೊರಡುವುದು, ಅಥವಾ ಬಾಣಂತನಕ್ಕೆ ಬಂದ ಅಜ್ಜಿ ಮೊಮ್ಮಗುವನ್ನು ಕರೆದೊಯ್ಯುವುದು ನಮ್ಮಲ್ಲಿ ಸಾಮಾನ್ಯ. ಆಗ ಜೊತೆಯಲ್ಲಿ ಬಾರದ ಅಪ್ಪ ಅಥವಾ ಅಮ್ಮನ ಒಪ್ಪಿಗೆ ಪತ್ರ ಇಟ್ಟುಕೊಳ್ಳಿ. ಅಜ್ಜಿಯ ಜೊತೆಗಾದರೆ ಇಬ್ಬರ ಸಹಿಯೂ ಬೇಕು. ಇಂಗ್ಲಿಷಿನಲ್ಲಿ ಬರೆದು ನೋಟರಿ ಮಾಡಿಸಿ, ಪ್ರಯಾಣದ ದಿನಾಂಕ ಮತ್ತು ಫೋನ್ ನಂಬರ್ ಹಾಕಿ. ಅಮೆರಿಕದ ಗಡಿ ಇಲಾಖೆ ಇದನ್ನು ಕಡ್ಡಾಯ ಮಾಡಿಲ್ಲ, ಆದರೆ ಇಟ್ಟುಕೊಳ್ಳಿ ಎಂದೇ ಹೇಳುತ್ತದೆ. ಅಮ್ಮನ ಕೊನೆಯ ಹೆಸರು ಒಂದು, ಮಗುವಿನದು ಇನ್ನೊಂದು ಆಗಿರುವ ನಮ್ಮಂಥವರಿಗೆ ಇದು ಇನ್ನೂ ಮುಖ್ಯ. ಜೊತೆಗೆ ಬರ್ತ್ ಸರ್ಟಿಫಿಕೇಟ್ ಕೂಡ ಇರಲಿ.

ಟಿಕೆಟ್ ವಿಷಯ. ಎರಡು ವರ್ಷದೊಳಗಿನ ಮಗು ತೊಡೆಯ ಮೇಲೆ ಕೂತು ಹೋದರೂ ಅಂತರರಾಷ್ಟ್ರೀಯ ವಿಮಾನದಲ್ಲಿ ಅದರ ಹೆಸರಿನಲ್ಲಿ ಟಿಕೆಟ್ ಇರಬೇಕು. ಊರಿನಲ್ಲಿರುವಾಗಲೇ ಎರಡು ವರ್ಷ ತುಂಬಿದರೆ ವಾಪಸ್ ಬರುವಾಗ ಸೀಟು ಕೊಳ್ಳಬೇಕು. ಮಗುವನ್ನು ಮಲಗಿಸುವ ತೊಟ್ಟಿಲು (ಬ್ಯಾಸಿನೆಟ್) ಇರುವ ಸೀಟು ಬೇಕಿದ್ದರೆ ಟಿಕೆಟ್ ಬುಕ್ ಮಾಡಿದ ದಿನವೇ ವಿಮಾನ ಕಂಪನಿಗೆ ಫೋನ್ ಮಾಡಿ. ನಡುವೆ ಇಳಿಯುವ ದೇಶದಲ್ಲಿ ಮಗುವಿನ ಪಾಸ್‌ಪೋರ್ಟಿಗೆ ಒಂದು ನಿಯಮ, ನಿಮ್ಮದಕ್ಕೆ ಇನ್ನೊಂದು ಇರಬಹುದು. ನಿಮ್ಮ ಪಾಸ್‌ಪೋರ್ಟಿನಲ್ಲಿರುವ ಅಮೆರಿಕದ ವೀಸಾ ಸ್ಟಾಂಪಿನ ಅವಧಿ ಮುಗಿದಿದ್ದರೆ ಇದನ್ನು ನೋಡದೆ ಟಿಕೆಟ್ ತೆಗೆಯಬೇಡಿ.

ಮಕ್ಕಳ ಡಾಕ್ಟರರಿಂದ ಲಸಿಕೆಯ ಪಟ್ಟಿಯನ್ನೂ ಪ್ರಿಂಟ್ ಮಾಡಿಸಿಕೊಳ್ಳಿ. ಆರರಿಂದ ಹನ್ನೊಂದು ತಿಂಗಳ ಮಗು ಹೊರದೇಶಕ್ಕೆ ಹೋಗುವುದಾದರೆ ದಡಾರದ ಲಸಿಕೆಯ ಒಂದು ಡೋಸ್ ಮುಂಚಿತವಾಗಿ ಕೊಡಬೇಕೆಂದು ಅಮೆರಿಕದ ಸಾರ್ವಜನಿಕ ಆರೋಗ್ಯ ಸಂಸ್ಥೆ ಸಿಡಿಸಿ ಹೇಳುತ್ತದೆ. ಹೊರಡುವ ಎರಡು ವಾರ ಮೊದಲಾದರೂ ಕೇಳಿ.

ಈ ಕಾಗದಗಳನ್ನೆಲ್ಲ ಕೈಚೀಲದಲ್ಲೇ ಇಡಿ. ಪ್ರತಿಯೊಂದರ ಫೋಟೋ ನಿಮ್ಮಿಬ್ಬರ ಫೋನಿನಲ್ಲೂ ಇರಲಿ.